ಫೊರೆನ್ಸಿಕ್ ಕೋರ್ಸಿಗೆ ದುಡ್ಡು ಕಟ್ಟೋಕೆ ಹೊರಟವರು ಒಂದು ನಿಮಿಷ ನಿಲ್ಲಿ

ಬರೆಯೋದೇ ಬೇಡ ಅಂತಿದ್ದೆ. ಊರಲ್ಲಿ ಆಗಿರೋ ನಗೆಪಾಟಲೇ ಸಾಕಿತ್ತು. ಆದರೆ ಮೊನ್ನೆ ರಾತ್ರಿ ಹರಿಹರದ ಕಡೆಯ ಹುಡುಗ ಒಬ್ಬ ಫೋನ್ ಮಾಡಿದ. "ಅಣ್ಣಾ, ನೀವು ಎಫ್‌ಎಸ್‌ಎಲ್‌ನಲ್ಲಿ ಟ್ರೈನಿಂಗ್ ಮಾಡಿದೀರಂತೆ, ಕೋರ್ಸ್ ಹೆಂಗೈತಿ?" ಅಂದ. ಎಫ್‌ಎಸ್‌ಎಲ್ ಅಂದರೆ ಅಪರಾಧದ ಸಾಕ್ಷ್ಯ ಪರೀಕ್ಷೆ ಮಾಡೋ ಸರ್ಕಾರಿ ವಿಧಿವಿಜ್ಞಾನ (ಫೊರೆನ್ಸಿಕ್) ಪ್ರಯೋಗಾಲಯ. ನನ್ನ ನಂಬರ್ ಕೊಟ್ಟೋರು ಯಾರಪ್ಪ ಅಂದ್ರೆ ನನ್ನಿಂದ 1 ಲಕ್ಷ 40 ಸಾವಿರ ತಿಂದ ಅದೇ ಇನ್‌ಸ್ಟಿಟ್ಯೂಟ್‌ನವರು! ಅವನು ಆಗಲೇ 25 ಸಾವಿರ ಕಟ್ಟಿಬಿಟ್ಟಿದ್ದ. ಅದಕ್ಕೇ ಬರೀತಿದ್ದೀನಿ. ಮಾನ ಹೋದರೆ ಹೋಗಲಿ, ಹೋಗೋದು ಆಗಲೇ ಹೋಗಿದೆ.

ಹೆಸರು ಹಾಕಲ್ಲ. ವಕೀಲರ ನೋಟಿಸ್ ಕಳಿಸ್ತೀವಿ ಅಂತ ಹೆದರಿಸಿದ್ದಾರೆ. ಬೆಂಗಳೂರಲ್ಲಿದೆ, ಮೂರನೇ ಮಹಡಿ, ಕೆಳಗೆ ಮೊಬೈಲ್ ಅಂಗಡಿ. ಇಷ್ಟು ಸಾಕು.

ನಮ್ಮದು ಚನ್ನಗಿರಿ ಕಡೆ. ನಾನು ಬಿಎಸ್ಸಿ, ಕೆಮಿಸ್ಟ್ರಿ ಓದಿದವನು. ಚಿಕ್ಕಂದಿನಿಂದ ಈ ಫೊರೆನ್ಸಿಕ್ ಹುಚ್ಚು. ನಮ್ಮ ಸೋದರಮಾವ ಹೆಡ್ ಕಾನ್‌ಸ್ಟೆಬಲ್, ಅವರು ಮನೆಗೆ ಬಂದಾಗೆಲ್ಲ ಮಹಜರಿನ ಕತೆ ಕೇಳ್ಕೊಂಡು ಬೆಳೆದವನು. 2024ರ ಜುಲೈ 1ಕ್ಕೆ ಹೊಸ ಕಾನೂನು ಜಾರಿಗೆ ಬಂತಲ್ಲ, ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಹೋಗಿ ನಾಗರಿಕ ಸುರಕ್ಷಾ ಸಂಹಿತೆ. ಅದರ ಮರು ತಿಂಗಳೇ ಇವರ ಜಾಹೀರಾತು ಫೋನಿನಲ್ಲಿ ಬಂತು. "ಇನ್ನು ಮುಂದೆ 7 ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರೋ ಪ್ರತಿ ಕೇಸಿಗೂ ಫೊರೆನ್ಸಿಕ್ ಎಕ್ಸ್‌ಪರ್ಟ್ ಕಡ್ಡಾಯ. ಪ್ರತಿ ಸ್ಟೇಷನ್ನಿಗೂ ಜನ ಬೇಕು. ನೀವು ರೆಡಿನಾ?"

ಮೋಸ ಇರೋದೇ ಇಲ್ಲಿ. ಇವರು ಹೇಳಿದ ಕಾನೂನು ಸುಳ್ಳಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂನ 3ನೇ ಉಪಕಲಂ ಅದನ್ನೇ ಹೇಳುತ್ತೆ. 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧ ಆದರೆ ತಜ್ಞರು ಸ್ಥಳಕ್ಕೆ ಹೋಗಬೇಕು, ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೊ ಆಗಬೇಕು. ನಾನು ಕಲಂ ಹುಡುಕಿ ಓದಿದೆ, ನಿಜ ಅಂತ ಗೊತ್ತಾಯ್ತು, ಅಲ್ಲಿಗೆ ಇವರೂ ನಿಜ ಅಂದುಕೊಂಡೆ. ಅದೇ ಕಲಂನಲ್ಲಿ ರಾಜ್ಯ ಸರ್ಕಾರ ಐದು ವರ್ಷದ ಒಳಗೆ ಅಧಿಸೂಚನೆ ಹೊರಡಿಸಬೇಕು ಅಂತಲೂ ಇದೆ. ಅದನ್ನೂ ಓದಿದ್ದೆ. ಓದಿಯೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಆಸೆ ಇತ್ತಲ್ಲ, ಬೇಕಾದ ಸಾಲು ಮಾತ್ರ ಕಣ್ಣಿಗೆ ಬಿತ್ತು.

ಫೋನ್ ಮಾಡಿದೆ. ಕೌನ್ಸೆಲರ್ ಮೇಡಂ ಜೇನಿನ ಹಾಗೆ ಮಾತಾಡಿದರು. ಒಂದು ವರ್ಷದ ಪಿಜಿ ಡಿಪ್ಲೊಮಾ, ಫೊರೆನ್ಸಿಕ್ ಸೈನ್ಸ್ ಮತ್ತು ಕ್ರಿಮಿನಲ್ ಜಸ್ಟಿಸ್.

"ಯುಜಿಸಿ ಮಾನ್ಯತೆ ಇದೆಯಾ ಮೇಡಂ?"

"ಸರ್, ಯುಜಿಸಿ ಅನ್ನೋದು ಡಿಗ್ರಿಗೆ. ಇದು ಪ್ರೊಫೆಷನಲ್ ಕೋರ್ಸ್. ನಮ್ದು ಗೌರ್ಮೆಂಟ್ ಆಫ್ ಇಂಡಿಯಾ ರಿಜಿಸ್ಟರ್ಡ್, ಐಎಸ್‌ಒ 9001. ಸಿಲಬಸ್ ಎನ್‌ಎಫ್‌ಎಸ್‌ಯು ಪ್ಯಾಟರ್ನ್."

ಪ್ಯಾಟರ್ನ್! ಆ ಒಂದು ಪದಕ್ಕೆ ನಾನು ಬಿದ್ದೆ. ಎನ್‌ಎಫ್‌ಎಸ್‌ಯು ಅಂದರೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ, 2020ರ ಕಾಯ್ದೆಯಲ್ಲಿ ಆದದ್ದು, ಗಾಂಧಿನಗರದಲ್ಲಿರೋದು. ನಮ್ಮ ಧಾರವಾಡಕ್ಕೂ ಅದರ ಕ್ಯಾಂಪಸ್ ಬಂದಿದೆ, 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆದಾಗ ಪೇಪರಿನಲ್ಲಿ ಓದಿದ್ದೆ. ಆ ಹೆಸರು ಕೇಳಿದ ತಕ್ಷಣ ಇದು ಅದರದ್ದೇ ಒಂದು ಕೊಂಬೆ ಅಂದುಕೊಂಡೆ. ಅವರು ಹಾಗೆ ಅಂದಿರಲಿಲ್ಲ. ಪ್ಯಾಟರ್ನ್ ಅಂದಿದ್ದರು. ನಾಳೆ ನಾನೂ ನಮ್ಮ ಹಟ್ಟಿಗೆ ವಿಧಾನಸೌಧದ ಪ್ಯಾಟರ್ನ್ ಅಂತ ಬೋರ್ಡು ಹಾಕಬಹುದು.

"ಗೌರ್ಮೆಂಟ್ ರಿಜಿಸ್ಟರ್ಡ್" ಅಂದರೆ ಏನು ಅಂತ ತಿಳಿಯೋಕೆ ನನಗೆ ಒಂಬತ್ತು ತಿಂಗಳು ಬೇಕಾಯ್ತು. ಅದು ಉದ್ಯಮ್ ನೋಂದಣಿ. ಸಣ್ಣ ಉದ್ದಿಮೆ ಅಂತ ಆಧಾರ್ ಕೊಟ್ಟು, ನಾವೇ ಘೋಷಣೆ ಮಾಡಿಕೊಂಡು, ಪುಕ್ಕಟೆಯಾಗಿ ತಗೊಳ್ಳೋದು. ನಮ್ಮೂರಿನ ಹಿಟ್ಟಿನ ಗಿರಣಿಗೂ ಇದೆ.

ದುಡ್ಡು ಅಪ್ಪ ಕೊಟ್ಟರು. ಆ ವರ್ಷದ ಅಡಿಕೆ ತೋಟದ ಚೇಣಿ ದುಡ್ಡು, ಅಂದರೆ ಫಸಲು ಗುತ್ತಿಗೆಗೆ ಕೊಟ್ಟು ಬಂದದ್ದು. ಜೊತೆಗೆ "ಲ್ಯಾಬ್ ಕಿಟ್" ಅಂತ ಬೇರೆ 12 ಸಾವಿರ. ಕಿಟ್ ಅಂದರೆ ಒಂದು ಭೂತಗನ್ನಡಿ, ಒಂದು ಬ್ರಷ್, ಸಣ್ಣ ಡಬ್ಬಿಯಲ್ಲಿ ಕಪ್ಪು ಪುಡಿ, ಟೇಪು, ಗ್ಲೌಸು, ಚಿಮಟ, ಒಂದು ಸ್ಕೇಲು. ಸ್ಕೇಲ್ ಮೇಲೆ ಒಂದು ಸ್ಟೇಷನರಿ ಅಂಗಡಿಯ ಹೆಸರು ಇತ್ತು. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ, ಎಲ್ಲಾ ಒರಿಜಿನಲ್ ಅಂಕಪಟ್ಟಿ "ವೆರಿಫಿಕೇಶನ್‌ಗೆ" ಅಂತ ಇಟ್ಟುಕೊಂಡರು.

ಕ್ಲಾಸ್ ಹೆಂಗಿತ್ತು ಅಂತ ಎಲ್ಲ ಬರೆಯಲ್ಲ, ಎರಡು ಹೇಳ್ತೀನಿ. ಕಾನೂನಿನ ನೋಟ್ಸ್ ಕೊಟ್ಟರು. ಎಫ್‌ಐಆರ್ ಅಂದರೆ ಸಿಆರ್‌ಪಿಸಿ 154, ಕೊಲೆಗೆ ಐಪಿಸಿ 302, ತಜ್ಞರ ಅಭಿಪ್ರಾಯಕ್ಕೆ ಸಾಕ್ಷ್ಯ ಅಧಿನಿಯಮ 45. ಹೊಸ ಕಾನೂನು ತೋರಿಸಿ ಸೇರಿಸಿಕೊಂಡೋರು ಪಾಠ ಮಾಡಿದ್ದು ಹಳೇ ಕಾನೂನು! ಈಗ ಅವು 173, 103, 39. ಕೇಳಿದರೆ "ಕಾನ್ಸೆಪ್ಟ್ ಒಂದೇ ಅಲ್ವಾ" ಅಂದರು ಸರ್. ನಾರ್ಕೋ ಅನಾಲಿಸಿಸ್, ಅಂದರೆ ಮದ್ದು ಕೊಟ್ಟು ಮಂಪರಿನಲ್ಲಿ ಬಾಯಿ ಬಿಡಿಸೋದು, ಅದರ ಬಗ್ಗೆ ದೊಡ್ಡದಾಗಿ ಹೇಳಿದರು, ಒಪ್ಪಿಗೆ ಇಲ್ಲದೆ ಯಾರಿಗೂ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ. ಆ ಕೇಸಿನ ಹೆಸರಲ್ಲೇ ಕರ್ನಾಟಕ ರಾಜ್ಯ ಅಂತ ಇದೆ ಮಾರಾಯ್ರೆ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ.

ಎರಡನೇದು ರಕ್ತದ ಪರೀಕ್ಷೆ. ಫಿನಾಫ್ತಲೀನ್ ಹಾಕಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ರಕ್ತದ ಕಲೆ ಗುಲಾಬಿ ಆಗುತ್ತೆ. ಕ್ಯಾಸಲ್-ಮೇಯರ್ ಪರೀಕ್ಷೆ ಅಂತಾರೆ. ಅದಕ್ಕೆ ಕ್ಷಾರದಲ್ಲಿರೋ ಫಿನಾಫ್ತಲೀನನ್ನ ಸತುವಿನ ಪುಡಿ ಹಾಕಿ, ಬಣ್ಣ ಪೂರ್ತಿ ಹೋಗೋ ತನಕ ಕುದಿಸಿ ಇಟ್ಟುಕೊಳ್ಳಬೇಕು. ನಮ್ಮ ಸರ್ ಪಿಯುಸಿ ಟೈಟ್ರೇಶನ್ನಿನ ಬಾಟಲಿ ತಂದು ಸೀದಾ ಕಾಸ್ಟಿಕ್ ಸೋಡಾ ನೀರಿಗೆ ಸುರಿದರು. ಕಲೆಗೆ ಹಾಕಿದರು, ಗುಲಾಬಿ. ಎಲ್ಲರೂ ಚಪ್ಪಾಳೆ. ನಾನು ಸುಮ್ಮನೆ ಒಂದು ಹೊಸ ಹತ್ತಿ ಉಂಡೆಗೆ ಎರಡು ಹನಿ ಹಾಕಿದೆ. ಅದೂ ಗುಲಾಬಿ. ಆಗದೇ ಇರುತ್ತಾ, ಕ್ಷಾರದಲ್ಲಿ ಫಿನಾಫ್ತಲೀನ್ ಇರೋದೇ ಗುಲಾಬಿ!

"ಸರ್, ಬರೀ ಹತ್ತಿಗೂ ಬಂತಲ್ಲ?"

"ಅದು ಕಂಟ್ರೋಲ್ ಸ್ಯಾಂಪಲ್." ಕಂಟ್ರೋಲ್ ಅಂದರೆ ಹೋಲಿಸಿ ನೋಡೋಕೆ ಇಟ್ಟ, ರಕ್ತ ಇಲ್ಲದ ಮಾದರಿ. ಅದಕ್ಕೆ ಬಣ್ಣ ಬರಲೇಬಾರದು.

ಅವತ್ತೇ ಎದ್ದು ಬರಬೇಕಿತ್ತು. ಕೆಮಿಸ್ಟ್ರಿ ಓದಿದವನು ನಾನು. ಈ ಲೆಕ್ಕದಲ್ಲಿ ನಾಳೆ ಯಾರ ಬಟ್ಟೆ ತಂದುಕೊಟ್ಟರೂ ರಕ್ತ ಇದೆ ಅಂತ ರಿಪೋರ್ಟು, ಯಾರೋ ಪಾಪದವನು ಜೈಲಿಗೆ. ಗೊತ್ತಾಗಿಯೂ ಸುಮ್ಮನಿದ್ದೆ. ದುಡ್ಡು ಕಟ್ಟಿಯಾಗಿತ್ತಲ್ಲ. ದುಡ್ಡು ಕಟ್ಟಿದ ಮೇಲೆ ನಮ್ಮ ಕಣ್ಣಿಗೆ ನಾವೇ ಬಟ್ಟೆ ಕಟ್ಟಿಕೊಳ್ತೀವಿ.

ದಸರಾ ರಜೆಗೆ ಊರಿಗೆ ಬಂದಾಗ ಮಾವ ಜಗಲಿ ಮೇಲೆ ಕೂತು ಹೇಳಿಕೊಟ್ಟಿದ್ದು ಈಗಲೂ ನೆನಪಿದೆ. ರಕ್ತ ಆದ ಬಟ್ಟೆ ಹಸಿ ಇದ್ದರೆ ಪ್ಲಾಸ್ಟಿಕ್ ಕವರಿಗೆ ತುಂಬಬಾರದು, ಬೂಷ್ಟು ಹಿಡಿದು ಹಾಳಾಗುತ್ತೆ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಬೇಕು, ಮೇಲೆ ಬಿಳಿ ಬಟ್ಟೆ, ದಾರ, ಅರಗು, ಮೊಹರು, ಪಂಚರ ಸಹಿಯ ಚೀಟಿ. ಒಳಗಿನ ಸಾಮಾನು ಸ್ಥಳದಿಂದ ಲ್ಯಾಬಿನ ತನಕ ಯಾರ ಯಾರ ಕೈ ದಾಟಿತು ಅನ್ನೋದಕ್ಕೆ ಲೆಕ್ಕ ಇರಬೇಕು. ಹದಿನೈದು ನಿಮಿಷದ ಪಾಠ, ಒಂದು ಲೋಟ ಟೀ ಖರ್ಚು. ಕೊನೆಗೆ ಕೇಳಿದರು, "ಅಳಿಯ, ನಾಳೆ ಕಟಕಟೆಯಲ್ಲಿ ನಿಂತಾಗ ಪಾಟೀ ಸವಾಲಿನಲ್ಲಿ ವಕೀಲ ಮೊದಲು ಕೇಳೋದೇ ಏನು ಓದಿದೀಯ, ಸರ್ಟಿಫಿಕೇಟ್ ಕೊಟ್ಟೋರು ಯಾರು ಅಂತ. ಏನ್ ಹೇಳ್ತೀಯ?"

"ಆಟೋನಮಸ್ ಮಾವ" ಅಂದೆ. ಅವರು ಏನೂ ಮಾತಾಡಲಿಲ್ಲ. ಲೋಟ ಕೆಳಗಿಟ್ಟರು.

ಈಗ ಆ ದಿನ. ಫೆಬ್ರವರಿ. "ಎಫ್‌ಎಸ್‌ಎಲ್ ಇಂಟರ್ನ್‌ಶಿಪ್" ಅಂತ ಆರು ತಿಂಗಳಿಂದ ಹೇಳ್ತಾ ಇದ್ದದ್ದು ಕೊನೆಗೂ ಬಂತು. ಬಿಳಿ ಕೋಟು ಹಾಕ್ಕೊಂಡು ಬನ್ನಿ ಅಂದರು. ನಾನು ಹಿಂದಿನ ರಾತ್ರಿ ಕೋಟಿಗೆ ಇಸ್ತ್ರಿ ಮಾಡಿದೆ, ಒಳಗೆ ಹೊಸ ನೀಲಿ ಶರ್ಟು. ಟೆಂಪೋ ಟ್ರಾವೆಲರಿನಲ್ಲಿ ಹದಿನಾಲ್ಕು ಜನ, ಮಡಿವಾಳ. ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಇರೋದು ಅಲ್ಲೇ. ಇಳಿದ್ವಿ. ನಮ್ಮ ಕೋ-ಆರ್ಡಿನೇಟರ್ ಬೋರ್ಡಿನ ಹತ್ತಿರ ಎರಡು ಸಾಲಲ್ಲಿ ನಿಲ್ಲಿಸಿದರು. "ಸ್ಮೈಲ್ ಮಾಡಿ, ಇದು ಲೈಫ್‌ಟೈಮ್ ಮೆಮೊರಿ." ಫೋಟೋ ತೆಗೆದರು. ಕೋಟು ಸರಿ ಮಾಡಿ ಇನ್ನೊಂದು ತೆಗೆದರು.

ಆಮೇಲೆ ನಾನು ಗೇಟಿನ ಕಡೆ ಹೊರಟೆ. ಕಾವಲಿನವರು ಗದರಲಿಲ್ಲ, ಮರ್ಯಾದೆಯಿಂದಲೇ ಕೇಳಿದರು, "ಲೆಟರ್ ಇದೆಯಾ? ಯಾರನ್ನ ನೋಡಬೇಕು?" ನಾನು ತಿರುಗಿ ಕೋ-ಆರ್ಡಿನೇಟರ್ ಮುಖ ನೋಡಿದೆ. ಅವರು ಫೋನಿನಲ್ಲಿ ಫೋಟೋ ಆರಿಸ್ತಾ ಇದ್ದರು. "ಇವತ್ತು ಒಳಗೆ ರಶ್ ಇದೆಯಂತೆ, ಬನ್ನಿ ಟೀ ಕುಡಿಯೋಣ" ಅಂದರು.

ಕೇಸಿನ ಸಾಕ್ಷ್ಯ ಇರೋ ಜಾಗ ಅದು. ಲೆಟರ್ ಇಲ್ಲದೆ ಬಂದ ಹದಿನಾಲ್ಕು ಜನರನ್ನ ಯಾಕೆ ಒಳಗೆ ಬಿಡ್ತಾರೆ, ಬಿಡಲೂ ಬಾರದು. ನಾನೇ ನೋಟ್ಸಲ್ಲಿ ಬರೆದುಕೊಂಡಿದ್ದೆ ಅದನ್ನ. ಬಿಳಿ ಕೋಟು ಹಾಕ್ಕೊಂಡು, ರಸ್ತೆ ಬದಿ, ಪ್ಲಾಸ್ಟಿಕ್ ಲೋಟದಲ್ಲಿ ಟೀ. ಹೋಗಿ ಬರೋರೆಲ್ಲ ಡಾಕ್ಟರು ಅಂದುಕೊಂಡು ನೋಡ್ತಾ ಇದ್ದರು. ಸಂಜೆ ಹೊತ್ತಿಗೆ ಆ ಫೋಟೋ ಅವರ ಪೇಜಿನಲ್ಲಿ, "ಎಫ್‌ಎಸ್‌ಎಲ್‌ನಲ್ಲಿ ತರಬೇತಿ ಪಡೆದ ನಮ್ಮ ವಿದ್ಯಾರ್ಥಿಗಳು." ಅಪ್ಪ ಅದನ್ನೇ ಸ್ಟೇಟಸ್ ಹಾಕಿಕೊಂಡರು. ಮೂರು ದಿನ ಹಾಕಿಕೊಂಡಿದ್ದರು. ತೆಗೀರಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಕೋರ್ಸ್ ಮುಗೀತು. ಹೊಳೆಯೋ ಹೊಲೊಗ್ರಾಂ ಇರೋ ಸರ್ಟಿಫಿಕೇಟ್. ಅದನ್ನ ಹಿಡ್ಕೊಂಡು ಒಂದು ವಿಶ್ವವಿದ್ಯಾಲಯಕ್ಕೆ ಎಂಎಸ್ಸಿ ಫೊರೆನ್ಸಿಕ್ ಅರ್ಜಿ ಹಾಕೋಕೆ ಹೋದೆ, ಇದರಿಂದ ಸ್ವಲ್ಪ ತೂಕ ಬರುತ್ತೆ ಅಂತ. ಕೌಂಟರಿನ ಅಮ್ಮ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯೂನಿವರ್ಸಿಟಿ ಹೆಸರು ಎಲ್ಲಿದೆ ತಮ್ಮ?" ಅಂದರು. ಪಕ್ಕಕ್ಕಿಟ್ಟು, "ಬಿಎಸ್ಸಿ ಇದೆಯಲ್ಲ, ಅದೊಂದೇ ಸಾಕು ಅರ್ಜಿಗೆ. ಇದು ನಿನ್ನ ಹತ್ರಾನೇ ಇರಲಿ."

ಅದೊಂದೇ ಸಾಕಿತ್ತು! ಒಂದು ವರ್ಷದ ಹಿಂದೆಯೂ ಅದೊಂದೇ ಸಾಕಿತ್ತು!

ದುಡ್ಡು ವಾಪಸ್ ಕೇಳಿದೆ. ಅವರು ಹೇಳಿದ್ದು ಹೇಳಿದ ಹಾಗೇ ಹಾಕ್ತೀನಿ.

ಇಂಟರ್ನ್‌ಶಿಪ್ ಎಲ್ಲಿ ಅಂದರೆ: "ಫೀಸ್ ರಸೀದಿಯಲ್ಲಿ ಎಕ್ಸ್‌ಪೋಷರ್ ಅಂತಿದೆ ನೋಡಿ ಸರ್. ಎಕ್ಸ್‌ಪೋಷರ್ ಕೊಟ್ಟಿದೀವಿ."

ಸರ್ಟಿಫಿಕೇಟ್ ನಡೆಯಲ್ಲ ಅಂದರೆ: "ಪ್ರೈವೇಟಲ್ಲಿ ನಡೆಯುತ್ತೆ. ನಿಮ್ಮ ಕಮ್ಯುನಿಕೇಶನ್ ಸ್ಕಿಲ್ ಇಂಪ್ರೂವ್ ಮಾಡ್ಕೊಳಿ."

ಅರ್ಧನಾದರೂ ಕೊಡಿ ಅಂದರೆ: "ಕ್ಲಾಸಿಗೆ ಬಂದಿದ್ದೀರಿ, ಕಲಿತಿದ್ದೀರಿ. ಕಲಿತಿದ್ದನ್ನ ವಾಪಸ್ ಕೊಡಿ, ದುಡ್ಡು ವಾಪಸ್ ಕೊಡ್ತೀವಿ."

ಈ ಮಾತು ನಾಲ್ಕು ಸಲ ಓದಿದೆ. ಏನು ಕಲಿಸಿದ್ದೀರಿ ಅಂತ ವಾಪಸ್ ಕೊಡಲಿ, ಗುಲಾಬಿ ಹತ್ತಿನಾ?

ಅದೂ ಹೋಗಲಿ. ಅಪ್ಪನಿಗೆ ಫೋನ್ ಮಾಡಿದ್ದಾರೆ. "ನಿಮ್ಮ ಹುಡುಗ ಸರಿಯಾಗಿ ಕ್ಲಾಸಿಗೆ ಬರ್ತಿರಲಿಲ್ಲ, ಅದಕ್ಕೇ ಹಿಂಗೆ." ನನ್ನ ಹಾಜರಾತಿ ಅವರ ರಿಜಿಸ್ಟರಿನಲ್ಲೇ ಇದೆ, ಎರಡು ದಿನ ಮಾತ್ರ ರಜೆ, ಅಜ್ಜಿ ತಿಥಿಗೆ. ಅಪ್ಪ ನನ್ನನ್ನ ಬೈಯಲಿಲ್ಲ. "ಹೋಗ್ಲಿ ಬಿಡಪ್ಪ, ಒಂದು ವರ್ಷ ಅಡಿಕೆಗೆ ಕೊಳೆ ಬಂತು ಅಂದ್ಕಂಡ್ರಾತು" ಅಂದರು. ಬೈದಿದ್ದರೆ ಚೆನ್ನಾಗಿರ್ತಿತ್ತು.

ಅಂಕಪಟ್ಟಿ ವಾಪಸ್ ತರೋಕೆ ಮೂರು ಸಲ ಬೆಂಗಳೂರಿಗೆ ಹೋದೆ. ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ ಅಂದೆ. "ಅದು ಯೂನಿವರ್ಸಿಟಿಗಳಿಗೆ ಸರ್, ನಾವು ಯೂನಿವರ್ಸಿಟಿ ಅಲ್ವಲ್ಲ" ಅಂತ ನಕ್ಕರು. ನೋಡಿ, ಆಗ ಒಪ್ಪಿಕೊಂಡರು! ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ನಂಬರ್ ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ. ಮಾವನ ಸ್ಟೇಷನ್ನಿನಲ್ಲಿ ಯಾರೋ, ನಿಮ್ಮ ಅಳಿಯನಿಗೆ ಆಗಿರೋದು ಹಳೇ 420, ಹೊಸ 318(4), ಕೋರ್ಸಲ್ಲಿ ಹೇಳಿಕೊಡಲಿಲ್ವಾ ಅಂದರಂತೆ. ಮಾವನೇ ನಗ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಹರಿಹರದ ತಮ್ಮನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಪದವಿ ಕೊಡೋ ಅಧಿಕಾರ ಕಾಯ್ದೆಯಲ್ಲಿ ಸ್ಥಾಪನೆ ಆದ ವಿಶ್ವವಿದ್ಯಾಲಯಕ್ಕೆ, ಡೀಮ್ಡ್ ವಿಶ್ವವಿದ್ಯಾಲಯಕ್ಕೆ, ಇಲ್ಲಾ ಸಂಸತ್ತು ಕಾಯ್ದೆಯಲ್ಲಿ ಆ ಅಧಿಕಾರ ಕೊಟ್ಟ ಸಂಸ್ಥೆಗೆ ಮಾತ್ರ, 1956ರ ಯುಜಿಸಿ ಕಾಯ್ದೆಯ 22ನೇ ಕಲಂ. ಸರ್ಕಾರಿ ಹುದ್ದೆಯ ಅಧಿಸೂಚನೆಯಲ್ಲೂ "ಕಾನೂನು ರೀತ್ಯಾ ಸ್ಥಾಪಿತವಾದ ವಿಶ್ವವಿದ್ಯಾಲಯ" ಅಂತಾನೇ ಇರೋದು. ಅದಕ್ಕೇ ಒಂದೇ ಪ್ರಶ್ನೆ ಕೇಳಿ: ಸರ್ಟಿಫಿಕೇಟಿನ ತಲೆ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರು ಇರುತ್ತೆ? "ಪ್ಯಾಟರ್ನ್", "ಟೈ-ಅಪ್", "ರಿಜಿಸ್ಟರ್ಡ್" ಅಂತ ಉತ್ತರ ಬಂದರೆ ಫೋನ್ ಇಡಿ. ಎಫ್‌ಎಸ್‌ಎಲ್ ಅಂದರೆ ಎಫ್‌ಎಸ್‌ಎಲ್ ಕೊಟ್ಟ ಅನುಮತಿ ಪತ್ರ ತೋರಿಸಿ ಅನ್ನಿ. ಒರಿಜಿನಲ್ ಅಂಕಪಟ್ಟಿ ಅವರಪ್ಪ ಕೇಳಿದರೂ ಕೊಡಬೇಡಿ. ಬಿಎಸ್ಸಿ ಆಗಿದ್ದರೆ ಸೀದಾ ಎಂಎಸ್ಸಿಗೆ ಹಾಕಿ, ನಡುವೆ ಯಾವ ಡಿಪ್ಲೊಮಾನೂ ಬೇಡ.

ಆ ಫೋಟೋ ಇನ್ನೂ ಅವರ ಪೇಜಿನಲ್ಲಿದೆ, ತೆಗೀರಿ ಅಂದರೆ ತೆಗೀತಿಲ್ಲ. ಕಂಡರೆ ಜೂಮ್ ಮಾಡಿ ನೋಡಿ. ಹಿಂದಿನ ಸಾಲಲ್ಲಿ ಎಡಗಡೆಯಿಂದ ಮೂರನೆಯವನು, ಕೋಟಿನ ಒಳಗೆ ನೀಲಿ ಶರ್ಟು, ಹಲ್ಲು ಕಿರಿದುಕೊಂಡು ನಿಂತಿರೋನು ನಾನು. ನನ್ನ ಹಿಂದೆ ಗೇಟ್ ಕಾಣುತ್ತೆ. ಮುಚ್ಚಿದೆ.