"ಬರೀ ಹಲ್ಲಿನ ಇಂಜೆಕ್ಷನ್" ಅಂದರೆ ನಂಬಬೇಡಿ, ಹೆಸರು ಕೇಳಿ

ಮನೆಯಲ್ಲಿ ಯಾರಿಗಾದರೂ ಮಯೋಟಾನಿಕ್ ಡಿಸ್ಟ್ರೊಫಿ (ಸ್ನಾಯುಗಳು ಬಲ ಕಳೆದುಕೊಳ್ಳುವ, ಹೃದಯಕ್ಕೂ ತಟ್ಟಬಹುದಾದ ವಂಶಪಾರಂಪರ್ಯ ಕಾಯಿಲೆ) ಇದ್ದರೆ ದಯವಿಟ್ಟು ಇದನ್ನು ಓದಿ. ಸಿಟ್ಟು ಇನ್ನೂ ಇಳಿದಿಲ್ಲ, ತಪ್ಪಿದ್ದರೆ ಕ್ಷಮಿಸಿ.

ನನ್ನ ತಮ್ಮನಿಗೆ ಆ ಕಾಯಿಲೆ ಇದೆ, ಅಪ್ಪನಿಂದ ಬಂದದ್ದು. ಕೊನೆಯ ದವಡೆ ಹಲ್ಲು ಕೀಳಿಸಬೇಕಿತ್ತು. ಫಾರ್ಮಿನಲ್ಲಿ ಕಾಯಿಲೆ ಹೆಸರು ಬರೆದೆ. ಬಾಯಲ್ಲೂ ಎರಡು ಸಲ ಹೇಳಿದೆ: ಇವನಿಗೆ ಮತ್ತಿನ ಔಷಧಿ ಬೇಡ, ಉಸಿರಾಟವೇ ಕುಗ್ಗುತ್ತದೆ, ಇಸಿಜಿ ತಂದಿದ್ದೇನೆ ನೋಡಿ ಅಂತ. ಡಾಕ್ಟರ್ ಆ ಹಾಳೆ ಬಿಡಿಸಲೂ ಇಲ್ಲ. "ಬರೀ ಹಲ್ಲಿನ ಇಂಜೆಕ್ಷನ್ ಮೇಡಂ, ಆ ಜಾಗ ಮಾತ್ರ ಮರಗಟ್ಟುತ್ತೆ" ಅಂದರು. ನಂಬಿದೆ. ಲಿಡೊಕೇನ್ ಥರದ ಮರಗಟ್ಟಿಸುವ ಔಷಧಿ ಸರಿಯಾದ ಪ್ರಮಾಣದಲ್ಲಿ ಇಂಥವರಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಪೂರ್ತಿ ಪ್ರಜ್ಞೆ ತಪ್ಪಿಸುವುದಕ್ಕಿಂತ ಅದೇ ವಾಸಿ ಅಂತ ನಮ್ಮ ನರರೋಗ ತಜ್ಞರೂ ಹೇಳಿದ್ದರು.

ಅವನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದ. ಈ ಕಾಯಿಲೆಯಲ್ಲಿ ಹಿಡಿದ ಮುಷ್ಟಿ ತಕ್ಷಣ ಬಿಡುವುದಿಲ್ಲ. "ಯಾಕೆ ಹೆದರ್ತೀರಾ, ಕೈ ಸಡಿಲ ಬಿಡಿ" ಅಂತ ಸಹಾಯಕರು ಒಂದೊಂದೇ ಬೆರಳು ಬಿಡಿಸತೊಡಗಿದರು. ಹೆದರಿಕೆ ಅಲ್ಲ, ಕಾಯಿಲೆ ಅದು ಅಂತ ನಾನು ಹೇಳುತ್ತಿರುವಾಗಲೇ ಇನ್ನೊಂದು ಕೈಯ ನರಕ್ಕೆ ಸೂಜಿ ಹೋಯಿತು. ಹಲ್ಲು ಕೀಳೋಕೆ ಕೈಗೆ ಯಾಕೆ ಇಂಜೆಕ್ಷನ್? ಆಗ ಹೊಳೆಯಿತು. ಮಿಡಜೋಲಮ್. ನಾನು ಬೇಡ ಬೇಡ ಅಂದಿದ್ದ ಮತ್ತಿನ ಔಷಧಿ.

ಸ್ವಲ್ಪ ಹೊತ್ತಿಗೇ ತಲೆ ಪಕ್ಕಕ್ಕೆ ವಾಲಿತು, ಬೆರಳಿನ ಮೀಟರ್‌ನಲ್ಲಿ ಆಕ್ಸಿಜನ್ 96ರಿಂದ 82ಕ್ಕೆ ಬಂತು. ಮಾಸ್ಕು, ಆಂಬುಲೆನ್ಸು, ರಾತ್ರಿಯೆಲ್ಲಾ ಐಸಿಯು.

ಆಮೇಲೆ ಕೇಳಿದರೆ, "ಗಾಬರಿ ಆಗಿದ್ರಲ್ಲ, ರಿಲ್ಯಾಕ್ಸ್ ಆಗಲಿ ಅಂತ ಕೊಟ್ವಿ." ಬೇಡ ಅಂದಿದ್ದೆನಲ್ಲ? "ಅದು ಸಣ್ಣ ಡೋಸು ಮೇಡಂ." ಕಾಯಿಲೆ ಹೆಸರು ಬರೆದಿದ್ದೆನಲ್ಲ? "ಸುಮ್ನೆ ವೀಕ್‌ನೆಸ್ ಅಂದ್ಕೊಂಡ್ವಿ." ಅಂದ್ಕೊಂಡ್ವಿ! ಕೊನೆಗೆ ಎರಡನೇ ಹಾಳೆ ತೋರಿಸಿದರು, "ಅಗತ್ಯವಿದ್ದರೆ ಸೆಡೇಶನ್" (ಅಂದರೆ ಮತ್ತಿನ ಔಷಧಿ) ಅಂತ ಒಂದು ಸಾಲು, ಕೆಳಗೆ ನನ್ನದೇ ಸಹಿ. ಓದದೆ ಹಾಕಿದ್ದೆ. ಅದು ನೆನಪಾದರೆ ತಮ್ಮನ ಮುಖ ನೋಡಲು ನಾಚಿಕೆಯಾಗುತ್ತದೆ.

ಪ್ರತಿ ಸೂಜಿಗೂ ಮುಂಚೆ ಔಷಧಿ ಹೆಸರು ಕೇಳಿ, ಬೇಸರ ಮಾಡಿಕೊಂಡರೂ ಕೇಳಿ. ಮರಗಟ್ಟಿಸುವ ಔಷಧಿಯಲ್ಲಿ ಅಡ್ರಿನಲಿನ್ ಇದ್ದರೆ ಹೃದಯದ ಡಾಕ್ಟರ ಮಾತು ಮೊದಲೇ ಬೇಕು. ದೊಡ್ಡ ಆಪರೇಷನ್ ಆದರೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಬೇಡವೇ ಬೇಡ ಅಂತ ಬರೆಸಿ, ದವಡೆ, ಎದೆಯ ಸ್ನಾಯುಗಳೇ ಬಿಗಿದುಬಿಡಬಹುದು.

ಹಲ್ಲು ಇನ್ನೂ ಅಲ್ಲೇ ಇದೆ, ನೋವೂ ಇದೆ. ಈ ಸಲ ಅರಿವಳಿಕೆ ತಜ್ಞರು ಇರುವ ದೊಡ್ಡ ಆಸ್ಪತ್ರೆಗೇ ಹೋಗುತ್ತೇವೆ.