ಹನೋಯ್–ಹುವೆ ರಾತ್ರಿ ಸ್ಲೀಪರ್ ಬಸ್: ಟಿಕೆಟ್ ತೆಗೆಯುವ ಮುಂಚೆ ಒಮ್ಮೆ ಓದಿ

ವಿಯೆಟ್ನಾಂಗೆ ಬ್ಯಾಗು ಬೆನ್ನಿಗೇರಿಸಿಕೊಂಡು ಹೊರಡುವ ನಮ್ಮವರು ಈಗ ಜಾಸ್ತಿಯಾಗಿದ್ದಾರೆ. ವಿಮಾನದ ಟಿಕೆಟ್, ಇ-ವೀಸಾ ಎಲ್ಲ ಆದಮೇಲೆ ಅವರು ಕೇಳುವುದು ಇದನ್ನೇ: ಹನೋಯ್‌ನಿಂದ ಕೆಳಗೆ ಹುವೆ, ಡಾ ನಾಂಗ್, ಹೊಯ್ ಆನ್ ಕಡೆ ಹೋಗೋಕೆ ರಾತ್ರಿ ಸ್ಲೀಪರ್ ಬಸ್ ಪರವಾಗಿಲ್ವಾ? ಪರವಾಗಿಲ್ಲ. ಆದರೆ ಎಲ್ಲರಿಗೂ ಅಲ್ಲ. ನಿಮ್ಮ ಎತ್ತರ ಐದೂವರೆ ಅಡಿಯೊಳಗಿದ್ದು, ಬಸ್ಸಿನಲ್ಲಿ ನಿದ್ದೆ ಬರುವ ಅಭ್ಯಾಸವಿದ್ದು, ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಸಬೇಕು ಅನ್ನುವ ಲೆಕ್ಕವಿದ್ದರೆ ಧಾರಾಳವಾಗಿ ಹತ್ತಿ. ಎತ್ತರದ ಆಳಾಗಿದ್ದರೆ, ಸೊಂಟನೋವಿದ್ದರೆ, ಜೊತೆಗೆ ಅಪ್ಪ ಅಮ್ಮ ಇದ್ದರೆ ಮಾಮೂಲಿ ಸ್ಲೀಪರ್ ಖಂಡಿತ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಮತ್ತು ನನ್ನ ಗೆಳತಿ ಹೋದ ಬಸ್ ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ದಾರಿಯಲ್ಲಿ ಹತ್ತಾರು ಕಂಪನಿಗಳ ಬಸ್ ಓಡುತ್ತವೆ, ಮಾಮೂಲಿ ಸ್ಲೀಪರ್‌ನ ಒಳಗಡೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ತಲಾ ಮೂರೂವರೆ ಲಕ್ಷ ಡಾಂಗ್ ಕೊಟ್ಟೆವು. ಲಕ್ಷ ಅಂದ ತಕ್ಷಣ ಗಾಬರಿ ಬೇಡ. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಬರುತ್ತೆ, ಹಾಗಾಗಿ ಇದು 1,200 ರೂಪಾಯಿಯೊಳಗೇ ಆಯಿತು. ಹನೋಯ್‌ನಿಂದ ಹುವೆಗೆ ಸುಮಾರು 700 ಕಿಲೋಮೀಟರ್. ಅಷ್ಟು ದೂರಕ್ಕೆ ಈ ದರ ನಿಜಕ್ಕೂ ಕಡಿಮೆ.

ನಮ್ಮಲ್ಲಿ ಹುಬ್ಬಳ್ಳಿಗೋ ಮಂಗಳೂರಿಗೋ ಸ್ಲೀಪರ್‌ನಲ್ಲಿ ಹೋಗಿ ರೂಢಿಯಾದವರು ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡಿರುತ್ತಾರೆ. ಒಂದು ಕಡೆ ಡಬಲ್, ಇನ್ನೊಂದು ಕಡೆ ಸಿಂಗಲ್, ಚಪ್ಪಟೆ ಬರ್ತ್, ಪರದೆ ಎಳೆದುಕೊಂಡರೆ ನಿಮ್ಮ ಪಾಡಿಗೆ ನೀವು. ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಅಲ್ಲಿ ಉದ್ದಕ್ಕೆ ಮೂರು ಸಾಲು, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಎರಡು ಓಣಿ, ಪ್ರತಿ ಸಾಲಲ್ಲೂ ಮೇಲೊಂದು ಕೆಳಗೊಂದು ಸೀಟು. ಒಟ್ಟು 40ರ ಆಸುಪಾಸು ಜನ. ಮಾಮೂಲಿ ಬಸ್ಸಿನಲ್ಲಿ ಪರದೆ ಇರುವುದಿಲ್ಲ. ಸೀಟು ಪೂರ್ತಿ ಚಪ್ಪಟೆಯೂ ಆಗುವುದಿಲ್ಲ. ಒರಗುಕುರ್ಚಿಯಲ್ಲಿ ಕಾಲು ನೀಡಿ ಕೂತ ಹಾಗೆ ಅರ್ಧ ಮಲಗಿ ಅರ್ಧ ಕೂತಿರಬೇಕು. ಕಾಲು ಇಡಲು ಒಂದು ಫೈಬರ್ ಪೆಟ್ಟಿಗೆ ಇರುತ್ತೆ, ಅದು ಮುಂದಿನವರ ತಲೆಯ ಅಡಿಗೆ ಬರುತ್ತೆ. ಅಂದರೆ ನಿಮ್ಮ ಪಾದ ಮುಂದಿನವರ ಬೆನ್ನ ಕೆಳಗೆ, ಹಿಂದಿನವರ ಪಾದ ನಿಮ್ಮ ಬೆನ್ನ ಕೆಳಗೆ. ಆ ಪೆಟ್ಟಿಗೆಯ ಉದ್ದ ಅಷ್ಟೇ, ಹಿಂದೆ ಮುಂದೆ ಸರಿಯುವುದಿಲ್ಲ. ಐದೂಮುಕ್ಕಾಲು ಅಡಿ ದಾಟಿದವರು ಮಂಡಿ ಮಡಚಿಕೊಂಡೇ ರಾತ್ರಿ ಕಳೆಯಬೇಕು. ಮಗ್ಗುಲು ಬದಲಿಸುವುದಂತೂ ಪೆಟ್ಟಿಗೆಯಿಂದ ಕಾಲು ಹೊರಗೆ ತೆಗೆದು ಮತ್ತೆ ಒಳಗೆ ಹಾಕುವ ಕೆಲಸ. ನಮ್ಮ ಪಕ್ಕದ ಸಾಲಿನಲ್ಲಿದ್ದ ಎತ್ತರದ ಹುಡುಗ ಕೊನೆಗೆ ಒಂದು ಕಾಲನ್ನು ಓಣಿಗೆ ಇಳಿಬಿಟ್ಟು ಮಲಗಿದ್ದ. ಶೌಚಕ್ಕೆ ಎದ್ದವರೆಲ್ಲ ಅದನ್ನು ದಾಟಿಕೊಂಡೇ ಹೋಗಬೇಕಾಯಿತು.

ಹತ್ತುವಾಗ ಬಾಗಿಲಲ್ಲೇ ಶೂ ಬಿಚ್ಚಿಸುತ್ತಾರೆ. ಕ್ಲೀನರ್ ಒಂದು ಪ್ಲಾಸ್ಟಿಕ್ ಕವರ್ ಕೊಡುತ್ತಾನೆ, ಶೂ ಅದರಲ್ಲಿ ಹಾಕಿಕೊಂಡು ಒಳಗೆ ಹೋಗಬೇಕು. ಈ ಪದ್ಧತಿ ನನಗೆ ತುಂಬಾ ಇಷ್ಟವಾಯಿತು. ಓಣಿಯಲ್ಲೂ ಮ್ಯಾಟ್ ಹಾಸಿರುತ್ತಾರೆ, ಬಸ್ ಒಳಗೆ ಧೂಳು ಇರುವುದಿಲ್ಲ. ನಮ್ಮ ಬಸ್ಸುಗಳಲ್ಲೂ ಇದು ಬರಬೇಕು ಅಂತ ಮನಸಾರೆ ಅನ್ನಿಸಿತು. ರಗ್ಗು, ಪುಟ್ಟ ದಿಂಬು, ಒಂದು ನೀರಿನ ಬಾಟಲಿ ಕೊಟ್ಟರು. ರಗ್ಗು ತೆಳ್ಳಗಿತ್ತು, ಎಸಿ ಮಾತ್ರ ಜೋರು. ಮೇಲಿನ ಸೀಟಿನಲ್ಲಿದ್ದ ಗೆಳತಿಯ ಹಣೆಯ ಮೇಲೆ ಎಸಿ ತೂತಿನಿಂದ ಹನಿ ಬೀಳುತ್ತಿತ್ತು, ಅವಳು ಅದಕ್ಕೆ ಟಿಶ್ಯೂ ತುರುಕಿ ಸುಮ್ಮನಾದಳು. ಒಂದು ಜಾಕೆಟ್, ಕಾಲುಚೀಲ ಕೈಚೀಲದಲ್ಲೇ ಇರಲಿ.

ಸೀಟು ಆರಿಸುವ ವಿಷಯ ಮುಖ್ಯ. ಬುಕ್ ಮಾಡುವಾಗ ನಕ್ಷೆ ತೋರಿಸಿದರೆ ಮುಂದಿನ ಅರ್ಧದಲ್ಲಿ, ಕಿಟಕಿ ಕಡೆಯ ಕೆಳಗಿನ ಸೀಟು ತೆಗೆದುಕೊಳ್ಳಿ. ಮೇಲಿನದು ತಿರುವಿನಲ್ಲಿ ಜಾಸ್ತಿ ಓಲಾಡುತ್ತೆ, ವಾಂತಿ ಬರುವವರಿಗೆ ಆಗದು. ಮಧ್ಯದ ಸಾಲಿನವರಿಗೆ ಎರಡೂ ಕಡೆ ಜನ ಓಡಾಡುತ್ತಿರುತ್ತಾರೆ, ಒರಗಲು ಗೋಡೆಯೂ ಇಲ್ಲ. ಎಲ್ಲಕ್ಕಿಂತ ಕಷ್ಟ ಕೊನೆಯ ಸಾಲು. ಅಲ್ಲಿ ಐದು ಸೀಟು ಒತ್ತಾಗಿ ಪಕ್ಕಪಕ್ಕ ಇರುತ್ತವೆ, ನಡುವೆ ಓಣಿಯೇ ಇಲ್ಲ, ಇಂಜಿನ್ನಿನ ಬಿಸಿ, ಸದ್ದು ಬೇರೆ. ಹುಡುಗಿಯರು ಒಬ್ಬರೇ ಹೋಗುತ್ತಿದ್ದರೆ ಆ ಸಾಲು ಕೊಟ್ಟರೆ ಒಪ್ಪಲೇಬೇಡಿ, ಬೇರೆ ಸೀಟು ಕೇಳಿ. ಕೇಳಿದರೆ ಸಾಮಾನ್ಯವಾಗಿ ಬದಲಿಸಿ ಕೊಡುತ್ತಾರೆ.

ಡ್ರೈವರ್‌ಗಳು ಇಬ್ಬರಿದ್ದರು, ಸರದಿಯಲ್ಲಿ ಓಡಿಸಿದರು. ಹಾರ್ನ್ ಮಾತ್ರ ರಾತ್ರಿಯಿಡೀ ನಿಲ್ಲಲಿಲ್ಲ. ಕಿವಿಗೆ ಇಯರ್‌ಪ್ಲಗ್, ಕಣ್ಣಿಗೆ ಪಟ್ಟಿ ಇಲ್ಲದಿದ್ದರೆ ನಿದ್ದೆ ಕಷ್ಟ, ಯಾಕೆಂದರೆ ಒಳಗಡೆ ನೀಲಿ, ನೇರಳೆ ದೀಪ ಉರಿಯುತ್ತಲೇ ಇರುತ್ತೆ.

ಊಟಕ್ಕೆ ಹೈವೇ ಪಕ್ಕದ ದೊಡ್ಡ ಹೋಟೆಲ್ ಒಂದರ ಮುಂದೆ ನಿಲ್ಲಿಸುತ್ತಾರೆ. ಶೂ ಹಾಕಿಕೊಳ್ಳುವ ಗೋಜಿಲ್ಲ. ಕ್ಲೀನರ್ ಬಾಗಿಲ ಹತ್ತಿರ ಪ್ಲಾಸ್ಟಿಕ್ ಚಪ್ಪಲಿಗಳ ರಾಶಿ ಸುರಿಯುತ್ತಾನೆ, ಎರಡು ಕಾಲಿಗೆ ಆಗುವ ಜೋಡಿ ಹುಡುಕಿ ಮೆಟ್ಟಿಕೊಂಡು ಹೋಗಬೇಕು, ವಾಪಸ್ ಬಂದು ಅಲ್ಲೇ ಬಿಡಬೇಕು. ಬಸ್ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಂಡೇ ಇಳಿಯಿರಿ. ಅದೇ ಬಣ್ಣದ ಬಸ್ಸುಗಳು ಸಾಲಾಗಿ ನಿಂತಿರುತ್ತವೆ, ಹೊರಡುವಾಗ ಎಲ್ಲ ಬಸ್ಸಿನಲ್ಲೂ ತಲೆ ಎಣಿಸುತ್ತಾರೆ ಅನ್ನುವ ಭರವಸೆ ಇಲ್ಲ. ಸಸ್ಯಾಹಾರಿಗಳಿಗೆ ಇಲ್ಲಿ ಬಾಳೆಹಣ್ಣು, ಬೇಯಿಸಿದ ಜೋಳದ ತೆನೆ, ಬಿಸ್ಕತ್ತು ಬಿಟ್ಟರೆ ಹೆಚ್ಚೇನೂ ಸಿಗಲ್ಲ. ಸೊಪ್ಪಿನ ಪಲ್ಯ ಅಂತ ಕಂಡದ್ದಕ್ಕೂ ಮೀನಿನ ಸಾಸ್ ಬಿದ್ದಿರುತ್ತೆ. ಆದ್ದರಿಂದ ಹನೋಯ್‌ನಲ್ಲೇ ಊಟ ಮುಗಿಸಿ ಹತ್ತಿ. 'ಕೋಮ್ ಚೈ' ಅಂತ ಬೋರ್ಡ್ ಇರುವ ಅನ್ನದ ಅಂಗಡಿಗಳು ಪೂರ್ತಿ ಸಸ್ಯಾಹಾರಿ, ಓಲ್ಡ್ ಕ್ವಾರ್ಟರ್ ಅನ್ನುವ ಹಳೇ ಪೇಟೆಯ ಸುತ್ತ ಸಿಗುತ್ತವೆ. ಹುವೆಯಲ್ಲಂತೂ ಬೌದ್ಧರು ಜಾಸ್ತಿ, ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಮಾಂಸ ಬಿಡುವವರು ಬಹಳ, ನಮಗೆ ಒಳ್ಳೆ ಊಟ ಸಿಕ್ಕಿದ್ದು ಅಲ್ಲೇ. ಇನ್ನೊಂದು ಮಾತು: 20,000 ಡಾಂಗ್ ನೋಟು, 5,00,000 ಡಾಂಗ್ ನೋಟು ಎರಡೂ ನೀಲಿ. ಮಂದ ಬೆಳಕಿನಲ್ಲಿ, ನಿದ್ದೆಗಣ್ಣಲ್ಲಿ, ನೀರಿನ ಬಾಟಲಿಗೆ ದುಡ್ಡು ಕೊಡುವಾಗ ಸೊನ್ನೆ ಎಣಿಸಿ ಕೊಡಿ. ದೊಡ್ಡ ನೋಟು ಬೇರೆ ಜೇಬಿನಲ್ಲಿಟ್ಟರೆ ಇನ್ನೂ ಒಳ್ಳೆಯದು.

ಈಗ ಬ್ಯಾಗಿನ ಕಥೆ. ಈ ದಾರಿಯ ಹಲವು ಬಸ್ಸುಗಳು ಹುವೆಗೆ ಮುಂಚೆ ಫಾಂಗ್ ನ್ಯಾದಲ್ಲಿ ನಿಲ್ಲುತ್ತವೆ. ಜಗತ್ತಿನ ದೊಡ್ಡ ಗುಹೆಗಳಿರುವ ಊರು ಅದು, ಬೆನ್ನುಚೀಲದವರು ತುಂಬಾ ಜನ ಇಳಿಯುತ್ತಾರೆ, ಅದೂ ಬೆಳಗಿನ ಜಾವ ನಾಲ್ಕರ ಹೊತ್ತಿಗೆ. ಕ್ಲೀನರ್ ಮೊಬೈಲ್ ಟಾರ್ಚ್ ಹಿಡಿದು ಡಿಕ್ಕಿಯಿಂದ ಬ್ಯಾಗುಗಳನ್ನು ಎಳೆದು ಹಾಕುತ್ತಿದ್ದ. ನಾವು ನಿದ್ದೆಯಲ್ಲಿದ್ದೆವು. ಹುವೆಯಲ್ಲಿ ಇಳಿದಾಗ ಡಿಕ್ಕಿಯಲ್ಲಿ ಉಳಿದಿದ್ದದ್ದು ಗೆಳತಿಯ ಬ್ಯಾಗಿನ ಥರದ್ದೇ ಬ್ಯಾಗು, ಆದರೆ ಅವಳದ್ದಲ್ಲ. ಅದೇ ಡೆಕಾಥ್ಲಾನ್, ಅದೇ ನೀಲಿ, ಬೀಗ ಮಾತ್ರ ಬೇರೆ. ಅವಳ ಮುಖ ಬಿಳಿಚಿಕೊಂಡಿತು. ಹತ್ತುವಾಗ ಬ್ಯಾಗಿಗೆ ಚೀಟಿ ಅಂಟಿಸುವ ಪದ್ಧತಿ ಆ ಬಸ್ಸಿನಲ್ಲಿ ಇರಲಿಲ್ಲ. ಇದು ಸೇವೆಯಲ್ಲಿರುವ ನಿಜವಾದ ಕೊರತೆ, ಇದಕ್ಕೆ ನಾನು ಅಂಕ ಕಳೆಯುತ್ತೇನೆ. ಒಂದು ನಂಬರಿನ ಚೀಟಿಗೆ ಎಷ್ಟು ಖರ್ಚಾಗುತ್ತೆ?

ಆದರೆ ಮುಂದೆ ನಡೆದದ್ದಕ್ಕೆ ಅಂಕ ಕೊಡಲೇಬೇಕು. ಕ್ಲೀನರ್‌ಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಗೆಳತಿ ಮೊಬೈಲ್‌ನಲ್ಲಿ ಅನುವಾದ ಮಾಡಿ ತೋರಿಸಿದಳು. ಅವನು ಓದಿ, ಕೈಯಲ್ಲಿದ್ದ ಸಿಗರೇಟು ಕೆಳಗೆ ಹಾಕಿ, ಉಳಿದ ಬ್ಯಾಗನ್ನು ನಾಲ್ಕೂ ಕಡೆಯಿಂದ ಫೋಟೋ ತೆಗೆದು ಜಾಲೋದಲ್ಲಿ ಯಾರಿಗೋ ಕಳಿಸಿದ. ಅಲ್ಲಿ ನಮ್ಮ ವಾಟ್ಸಾಪ್ ಜಾಗದಲ್ಲಿರುವುದು ಜಾಲೋ. ಆಮೇಲೆ ಫೋನ್ ಮೇಲೆ ಫೋನ್. ಬಸ್ಸಿನ ಬಾಗಿಲ ಮೆಟ್ಟಿಲ ಮೇಲೆ ನಮ್ಮನ್ನು ಕೂರಿಸಿ, ತನ್ನ ತಿಂಡಿ ಬಿಟ್ಟು, ಫಾಂಗ್ ನ್ಯಾದ ಹಾಸ್ಟೆಲ್‌ಗಳಿಗೆ ಒಂದೊಂದಾಗಿ ಫೋನ್ ಮಾಡಿಸಿದ. ಸ್ವಲ್ಪ ಹೊತ್ತಿಗೆ ಅವನ ಮೊಬೈಲ್‌ಗೆ ಒಂದು ಫೋಟೋ ಬಂತು: ಯಾವುದೋ ಹಾಸ್ಟೆಲ್‌ನ ರಿಸೆಪ್ಷನ್ ಮೇಜಿನ ಪಕ್ಕ ನಿಂತ ನೀಲಿ ಬ್ಯಾಗು, ಜಿಪ್ಪಿಗೆ ಕಟ್ಟಿದ ಕೆಂಪು ದಾರ. "ನಂದೇ ಕಣೇ, ಅಮ್ಮ ಕಟ್ಟಿದ ದಾರ ಅದು," ಅಂತ ಅವಳು ನನ್ನ ಕೈ ಹಿಡಿದುಕೊಂಡಳು. ಮಧ್ಯಾಹ್ನದ ಬಸ್ಸಿನಲ್ಲಿ ಬ್ಯಾಗು ಹುವೆಯ ಆಫೀಸಿಗೆ ಬಂತು, ಆ ಕಡೆಯವರ ಬ್ಯಾಗು ವಾಪಸ್ ಹೋಯಿತು. ಒಂದು ಡಾಂಗ್ ಕೇಳಲಿಲ್ಲ. ನಾವು ಕೊಡಲು ಹೋದ ದುಡ್ಡನ್ನೂ ಅವನು ಮುಟ್ಟಲಿಲ್ಲ. ಪಾಸ್‌ಪೋರ್ಟ್, ದುಡ್ಡು, ಮಾತ್ರೆಗಳು ಸೊಂಟದ ಚೀಲದಲ್ಲಿ ಮೈಮೇಲೇ ಇದ್ದದ್ದರಿಂದ ನಡುವಿನ ಹೊತ್ತು ಹೇಗೋ ಕಳೆಯಿತು. ನೀವೂ ಹಾಗೇ ಮಾಡಿ. ಬ್ಯಾಗಿಗೆ ದೂರದಿಂದಲೇ ಕಾಣುವ ಏನಾದರೂ ಕಟ್ಟಿ, ದಾರವೋ ರಿಬ್ಬನ್ನೋ, ಒಳಗೊಂದು ಹೊರಗೊಂದು ಹೆಸರಿನ ಚೀಟಿ ಇರಲಿ. ನಡುವೆ ಬಸ್ ಖಾಲಿಯಾಗುವ ದೊಡ್ಡ ಸ್ಟಾಪ್ ಬಂದರೆ ಎದ್ದು ಒಮ್ಮೆ ಇಳಿದು ನೋಡಿ.

ತಲುಪುವ ಸಮಯದ ಬಗ್ಗೆಯೂ ಹೇಳಬೇಕು. ಸಂಜೆ ಹೊರಟ ಬಸ್ ಹುವೆಗೆ ಬೆಳಿಗ್ಗೆ ಏಳೆಂಟಕ್ಕೆ ಬರುತ್ತೆ, ತೊಂದರೆಯಿಲ್ಲ. ಫಾಂಗ್ ನ್ಯಾದಲ್ಲಿ ಇಳಿಯುವವರಿಗೇ ಕಷ್ಟ. ಹಾಸ್ಟೆಲ್‌ಗೆ ಮುಂಚೆಯೇ ಮೆಸೇಜ್ ಹಾಕಿ, ಬಾಗಿಲು ತೆಗೆಯುತ್ತಾರಾ, ಸೋಫಾದಲ್ಲಿ ಕೂರಲು ಬಿಡುತ್ತಾರಾ ಅಂತ ಕೇಳಿಕೊಳ್ಳಿ. ಅಕ್ಟೋಬರ್–ನವೆಂಬರ್‌ನಲ್ಲಿ ಹುವೆ ಕಡೆ ಭಾರೀ ಮಳೆ, ಪ್ರವಾಹವೂ ಬರುತ್ತೆ, ಆಗ ಯಾವ ಸಮಯವನ್ನೂ ನಂಬಬೇಡಿ. ಚಾಂದ್ರಮಾನದ ಹೊಸ ವರ್ಷ ಟೆಟ್ ಜನವರಿ 20ರ ನಂತರ, ಫೆಬ್ರವರಿ 20ರೊಳಗೆ ಬರುತ್ತೆ, ಇಡೀ ದೇಶ ಊರಿಗೆ ಹೊರಟಿರುತ್ತೆ, ಟಿಕೆಟ್ ಸಿಗುವುದೇ ಕಷ್ಟ.

ಇನ್ನು ಬೇರೆ ದಾರಿ. ಕ್ಯಾಬಿನ್ ಬಸ್ ಅಂತ ಬಂದಿದೆ. ಮೂರರ ಬದಲು ಎರಡೇ ಸಾಲು, 20–24 ಜನ, ಪ್ರತಿಯೊಬ್ಬರಿಗೂ ಪರದೆ, ಚಾರ್ಜಿಂಗ್, ಕಾಲು ಚಾಚುವಷ್ಟು ಜಾಗ. ದರ ಮಾಮೂಲಿಗಿಂತ ಒಂದೂವರೆ ಪಟ್ಟು ಅಥವಾ ಇನ್ನೂ ಸ್ವಲ್ಪ ಜಾಸ್ತಿ. ನನ್ನನ್ನು ಕೇಳಿದರೆ ಈ ದೂರಕ್ಕೆ ಆ ದುಡ್ಡು ದಂಡವಲ್ಲ. ಮಾಮೂಲಿ ಸ್ಲೀಪರ್ ನಾಲ್ಕೈದು ಗಂಟೆಯ ಹಗಲು ಪ್ರಯಾಣಕ್ಕೆ ಚೆನ್ನಾಗಿದೆ, ಅರ್ಧ ಒರಗಿ ಕಿಟಕಿ ನೋಡಿಕೊಂಡು ಹೋಗಬಹುದು.

ಅಪ್ಪ ಅಮ್ಮನ ಜೊತೆ ಹೋಗುವವರಿಗೆ ರೈಲೇ ಸರಿ. ಹನೋಯ್‌ನಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ಹಳಿ, 1936ರಲ್ಲಿ ಪೂರ್ತಿಯಾದದ್ದು. ಯುದ್ಧದಲ್ಲಿ ತುಂಡಾಗಿದ್ದ ಅದನ್ನು ಸರಿಮಾಡಿ 1976ರ ಕೊನೆಗೆ ಮತ್ತೆ ರೈಲು ಓಡಿಸಿದರು. ನಾಲ್ಕು ಬರ್ತಿನ ಕಂಪಾರ್ಟ್‌ಮೆಂಟ್‌ಗೆ ಬಾಗಿಲಿದೆ, ಹಾಸಿಗೆ ಚಪ್ಪಟೆ, ಬ್ಯಾಗು ನಿಮ್ಮ ಕಣ್ಣ ಮುಂದೆ, ನಡುರಾತ್ರಿ ಚಪ್ಪಲಿ ಹುಡುಕುವ ಕೆಲಸವಿಲ್ಲ. ಹುವೆಗೆ 13–14 ಗಂಟೆ ಹಿಡಿಯುತ್ತೆ, ಬಸ್ಸಿಗೂ ಅದಕ್ಕೂ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಹಣ ಮಾತ್ರ ಜಾಸ್ತಿ. ಆರು ಬರ್ತಿನದು ಸ್ವಲ್ಪ ಅಗ್ಗ, ಆದರೆ ತೀರಾ ಮೇಲಿನ ಬರ್ತಿನಲ್ಲಿ ಕೂರಲು ತಲೆ ಎತ್ತಲಾಗುವುದಿಲ್ಲ, ವಯಸ್ಸಾದವರಿಗೆ ಹತ್ತುವುದೂ ಕಷ್ಟ.

ಒಟ್ಟಾರೆ ನಾವು ಹೋದ ಬಸ್ಸಿಗೆ ಐದಕ್ಕೆ ಮೂರು. ಸ್ವಚ್ಛತೆ, ದರ, ಆ ಕ್ಲೀನರ್, ಇವು ಮೂರಕ್ಕೆ ಮೂರು ಅಂಕ. ಸೀಟು ಮತ್ತು ಬ್ಯಾಗಿನ ಲೆಕ್ಕವಿಲ್ಲದಿರುವುದಕ್ಕೆ ಎರಡು ಕಡಿಮೆ.

ಹುವೆಯಿಂದ ಡಾ ನಾಂಗ್‌ಗೆ ಮಾತ್ರ ದಯವಿಟ್ಟು ಬಸ್ ಹತ್ತಬೇಡಿ. ನಡುವೆ ಸಿಗುವ ಹಾಯ್ ವಾನ್ ಘಾಟಿಗೆ 2005ರಲ್ಲಿ ಆರು ಕಿಲೋಮೀಟರಿಗಿಂತ ಉದ್ದದ ಸುರಂಗ ಆಯಿತು, ಬಸ್ಸುಗಳು ಅದರೊಳಗೇ ನುಗ್ಗಿ ಹೋಗುತ್ತವೆ, ಘಾಟಿಯೂ ಇಲ್ಲ ಸಮುದ್ರವೂ ಇಲ್ಲ. ರೈಲು ಬೆಟ್ಟದ ಅಂಚಿನಲ್ಲಿ ಸಮುದ್ರದ ನೆತ್ತಿಯ ಮೇಲೇ ತೆವಳುತ್ತೆ. ಎರಡೂವರೆ ಮೂರು ಗಂಟೆಯ ಹಾದಿ, ಹಗಲು ರೈಲಿಗೆ ಸೀಟಿನ ಟಿಕೆಟ್ ಸಾಕು. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಗಡೆ ಬರುತ್ತೆ, ಬುಕ್ ಮಾಡುವಾಗಲೇ ಎಡಗಡೆಯ ಕಿಟಕಿ ಕೇಳಿ ತೆಗೆದುಕೊಳ್ಳಿ.