1982ರ ಏಷ್ಯಾಡ್ ಕ್ಯಾಸೆಟ್‌ಗಳ ಡಿಜಿಟಲೀಕರಣ: ಜಯನಗರದ ಅಂಗಡಿಯೊಂದರ ಸೇವೆ

ದೆಹಲಿಯಲ್ಲಿ 1982ರಲ್ಲಿ ನಡೆದ ಏಷ್ಯನ್ ಕ್ರೀಡಾಕೂಟವನ್ನು ನಮ್ಮ ತಂದೆಯವರು ದೂರದರ್ಶನದಿಂದ ವಿಎಚ್‌ಎಸ್ ಕ್ಯಾಸೆಟ್‌ಗಳಿಗೆ ಇಳಿಸಿಕೊಂಡಿದ್ದರು. ಅವುಗಳನ್ನು ಜಯನಗರ 4ನೇ ಬ್ಲಾಕ್ ಬಳಿಯ ಒಂದು ಚಿಕ್ಕ ಅಂಗಡಿಯಲ್ಲಿ ಈಚೆಗೆ ಡಿಜಿಟಲ್ ಮಾಡಿಸಿದೆ. ಕೆಲಸ ಬಹಳ ಚೆನ್ನಾಗಿದೆ ಎಂಬುದು ನನ್ನ ಅಭಿಪ್ರಾಯ.

ಅಟ್ಟದ ಮೇಲಿದ್ದ ಕ್ಯಾಸೆಟ್‌ಗಳಿಗೆ ಬೆಂಗಳೂರಿನ ಮಳೆಗಾಲಗಳ ತೇವದಿಂದ ಬೂಷ್ಟು ಹಿಡಿದಿತ್ತು. ಅಂಥ ಟೇಪನ್ನು ಹಾಗೆಯೇ ಓಡಿಸಿದರೆ ಕ್ಯಾಸೆಟ್ ಓಡಿಸುವ ವಿಸಿಆರ್‌ನ ಹೆಡ್ (ಟೇಪನ್ನು ಓದುವ ಭಾಗ) ಕೆಡುತ್ತದೆ, ಆ ಯಂತ್ರದಲ್ಲಿ ಮುಂದೆ ಹಾಕುವ ಕ್ಯಾಸೆಟ್‌ಗೂ ಬೂಷ್ಟು ಹರಡುತ್ತದೆ. ಅಂಗಡಿಯವರು ಮೊದಲು ಟೇಪನ್ನು ಒಣಗಿಸಿ, ಒರೆಸಿ, ಒಡೆದಿದ್ದ ಡಬ್ಬಿಯೊಂದರ ರೀಲನ್ನು ಬೇರೆ ಡಬ್ಬಿಗೆ ವರ್ಗಾಯಿಸಿ, ಆಮೇಲೆಯೇ ಯಂತ್ರಕ್ಕೆ ಹಾಕಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ಚಲನೆಯ ವಿಷಯ. ನಮ್ಮ ದೇಶದ ಹಳೆಯ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳು (ಒಂದು ಬಿಟ್ಟು ಒಂದು ಗೆರೆಯಷ್ಟೇ ಇರುವ ಚಿತ್ರಗಳು) ದಾಖಲಾಗುತ್ತಿದ್ದವು. ಅಗ್ಗದಲ್ಲಿ ಕೆಲಸ ಮುಗಿಸುವವರು ಎರಡೆರಡನ್ನು ಸೇರಿಸಿ 25 ಚಿತ್ರಗಳಾಗಿಸುವುದರಿಂದ ಓಡುವವರ ಕೈಕಾಲುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಹೋಗುತ್ತದೆ. ಇಲ್ಲಿ 50ನ್ನೂ ಉಳಿಸಿದ್ದಾರೆ. ಅದರ ಫಲವನ್ನು ಎಂ.ಡಿ. ವಲ್ಸಮ್ಮ ಚಿನ್ನ ಗೆದ್ದ 400 ಮೀಟರ್ ಹರ್ಡಲ್ಸ್ ಓಟದಲ್ಲಿ ನೋಡಬೇಕು: ಪ್ರತಿ ಹರ್ಡಲ್‌ಗೆ ಮುನ್ನ ಅವರು ಹೆಜ್ಜೆ ಹೊಂದಿಸಿಕೊಳ್ಳುವುದು, ದಾಟುವಾಗ ಹಿಂಗಾಲು ಮಡಚಿ ಬರುವುದು, ನೆಲ ಮುಟ್ಟಿದ ಕೂಡಲೇ ಮತ್ತೆ ವೇಗ ಹಿಡಿಯುವುದು ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತದೆ. ಕಮಲ್‌ಜೀತ್ ಸಂಧು 1970ರಲ್ಲಿ, ಗೀತಾ ಜುತ್ಶಿ 1978ರಲ್ಲಿ ಬ್ಯಾಂಕಾಕ್‌ನಲ್ಲಿ ಗೆದ್ದ ಮೇಲೆ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಚಿನ್ನ ಪಡೆದ ಮೂರನೆಯ ಭಾರತೀಯ ಮಹಿಳೆ ವಲ್ಸಮ್ಮ. ಆ ಓಟವನ್ನು ಇಷ್ಟು ಸ್ಪಷ್ಟವಾಗಿ ಮತ್ತೆ ನೋಡಿ ನನಗೆ ಕಣ್ಣು ತುಂಬಿಬಂತು.

ಅತಿ ಹಾಳಾಗಿದ್ದದ್ದು ಪುರುಷರ ಹಾಕಿ ಫೈನಲ್‌ನ ಕ್ಯಾಸೆಟ್. ಪಾಕಿಸ್ತಾನದೆದುರು 1–7ರ ಆ ಸೋಲನ್ನು ಉಳಿಸಿಕೊಳ್ಳಲೇಬೇಕೇ ಎಂದು ಅಂಗಡಿಯವರು ಸೌಜನ್ಯದಿಂದಲೇ ಕೇಳಿದರು. ಬೇಕೇ ಬೇಕು ಎಂದೆ. ಆತಿಥೇಯರಾಗಿ ನಮ್ಮ ತಂಡ ಮಾಡಿದ್ದೆಲ್ಲವೂ ಆ ಒಂದು ಪಂದ್ಯದ ನೆರಳಿನಲ್ಲಿ ಮಸುಕಾಗಿರುವುದು ನ್ಯಾಯವಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ಆದರೆ ಅದಕ್ಕಾಗಿ ಸೋಲನ್ನು ಅಳಿಸುವುದೂ ಸರಿಯಲ್ಲ. 13 ಚಿನ್ನ, 19 ಬೆಳ್ಳಿ, 25 ಕಂಚು ಪಡೆದು ಭಾರತ ಐದನೆಯ ಸ್ಥಾನದಲ್ಲಿತ್ತು. ಮಹಿಳಾ ಹಾಕಿ ತಂಡ ಚಿನ್ನ ಗೆದ್ದಿತು, 800 ಮೀಟರಿನಲ್ಲಿ ಚಾರ್ಲ್ಸ್ ಬೊರೋಮಿಯೊ, ಗುಂಡು ಎಸೆತದಲ್ಲಿ ಬಹಾದುರ್ ಸಿಂಗ್, 20 ಕಿಲೋಮೀಟರ್ ನಡಿಗೆಯಲ್ಲಿ ಚಾಂದ್ ರಾಮ್ ಗೆದ್ದರು, ಪಿ.ಟಿ. ಉಷಾ ಎರಡು ಬೆಳ್ಳಿ ಪಡೆದರು. ಗಾಲ್ಫ್ ಮತ್ತು ಕುದುರೆ ಸವಾರಿಗಳಿಂದಲೇ ಐದು ಚಿನ್ನ ಬಂದವೆಂಬುದು ಇಂದು ಎಷ್ಟು ಜನರಿಗೆ ನೆನಪಿದೆ! ಹಾಕಿ ಕ್ಯಾಸೆಟ್‌ನಲ್ಲಿ ಕೆಲವೆಡೆ ಚಿತ್ರ ಹರಿದಿದೆ, ಪಟ್ಟೆಗಳು ಬರುತ್ತವೆ. ಆ ಜಾಗಗಳನ್ನು ಕತ್ತರಿಸದೆ ಹಾಗೆಯೇ ಬಿಟ್ಟಿರುವುದು ನನಗೆ ಮೆಚ್ಚುಗೆಯಾಯಿತು.

ಕೊರತೆಗಳೂ ಇವೆ. ವೀಕ್ಷಕ ವಿವರಣೆಯ ಧ್ವನಿ ಒಂದೇ ಸ್ಪೀಕರಿನಲ್ಲಿ ಬರುತ್ತಿತ್ತು. ಹೇಳಿದ ಮೇಲೆ ಹೆಚ್ಚಿನ ಹಣ ಕೇಳದೆ ಸರಿಪಡಿಸಿದರು. ಕಡತಗಳಿಗೆ ಬರೀ ಕ್ರಮಸಂಖ್ಯೆ ಕೊಟ್ಟಿದ್ದರಿಂದ ಯಾವುದರಲ್ಲಿ ಯಾವ ಸ್ಪರ್ಧೆಯಿದೆ ಎಂದು ನಾನೇ ಕುಳಿತು ಗುರುತಿಸಬೇಕಾಯಿತು. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ. ದರ ಬೇರೆ ಅಂಗಡಿಗಳಿಗಿಂತ ಹೆಚ್ಚು, ಆದರೆ ಟೇಪ್ ಶುಚಿಗೊಳಿಸುವ ಶ್ರಮವೂ ಅದರಲ್ಲಿ ಸೇರಿದೆ. ಕ್ಯಾಸೆಟ್ ಕೊಡುವಾಗಲೇ ಸೆಕೆಂಡಿಗೆ 50 ಚಿತ್ರಗಳಿರುವ ಪ್ರತಿ ಬೇಕೆಂದು ಚೀಟಿಯಲ್ಲಿ ಬರೆಸಿರಿ, ಮೂಲ ಕ್ಯಾಸೆಟ್‌ಗಳನ್ನು ತಪ್ಪದೆ ಹಿಂದಕ್ಕೆ ಪಡೆಯಿರಿ.